ವಾಡಿಯ ದಾರಿಯಲ್ಲಿ ಬಂದ ಪ್ರಶ್ನೆ

ನಮ್ಮ ಕಡೆಯ ಹಳ್ಳಿಗಳಲ್ಲಿ ನೋವಿಗೆ ‘ಬ್ಯಾನಿ’ ಎನ್ನುತ್ತಾರೆ. ಗ್ರಂಥಸ್ಥ ಕನ್ನಡದ ‘ಬೇನೆ’ಯೇ ಇದು, ಬೇನೆಯಾದರೋ ಸಂಸ್ಕೃತದ ‘ವೇದನಾ’ ಶಬ್ದದ ತದ್ಭವ. ವೇದನೆಯ ಮೂಲದಲ್ಲಿರುವುದು ‘ವಿದ್’ ಎಂಬ ಧಾತು, ಎಂದರೆ ತಿಳಿ, ಅರಿ. ವೇದ, ವಿದ್ಯೆ, ವಿದ್ವಾಂಸ ಇವು ಹುಟ್ಟಿದ ಮನೆಯಲ್ಲಿಯೇ ಬೇನೆಯೂ ಹುಟ್ಟಿದೆ. ತರಗತಿಯಲ್ಲಿ ತತ್ಸಮ ತದ್ಭವಗಳ ಪಾಠ ಮಾಡುವಾಗ ಈ ಉದಾಹರಣೆಯನ್ನು ಕೊಟ್ಟು ನಾನು ಎಷ್ಟೋ ವರ್ಷ ಮುಂದೆ ಹೋಗುತ್ತಿದ್ದೆ. ಅದರೊಳಗೊಂದು ಪ್ರಶ್ನೆ ಅಡಗಿದೆಯೆಂದು ಹೊಳೆದದ್ದು ನಿವೃತ್ತನಾದ ಮೇಲೆ. ನೋವೆಂಬುದು ಅರಿವೇ ಆಗಿದ್ದರೆ, ಅರಿವು ತಪ್ಪಿದವನಿಗೆ ನೋವಿಲ್ಲವೆ? ಅವನ ಮೈಗೆ ಕತ್ತಿ ತಾಗಿದಾಗ ಒಳಗೆ ಏನೂ ಆಗುವುದಿಲ್ಲವೆ?

ಈ ಪ್ರಶ್ನೆಗೆ ನಮ್ಮ ನಾಡಿನೊಡನೆ ಒಂದು ಸಂಬಂಧವುಂಟು. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿಗಳೆಲ್ಲ ಅಂದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಮುಂಬಯಿಂದ ಬಂದ ರೈಲು ದಾರಿ ಗುಲಬರ್ಗಾ, ಶಹಾಬಾದಗಳನ್ನು ಹಾಯ್ದು ವಾಡಿಗೆ ಬರುತ್ತಿತ್ತು. ಅಲ್ಲಿಂದ ಸಿಕಂದರಾಬಾದಿನ ಕಡೆಗೆ 1874ರಲ್ಲಿ ನಿಜಾಮರ ದಾರಿ ತೆರೆಯಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ಇವೆಲ್ಲ ಆ ದಾರಿಯ ನಿಲ್ದಾಣಗಳು. ಚಿಂಚೋಳಿಗೆ ಮಾತ್ರ ರೈಲು ದಕ್ಕಲಿಲ್ಲ; ಅಲ್ಲಿಯವರು ರೈಲು ಹಿಡಿಯಲು ತಾಂಡೂರಿಗೇ ಹೋಗಬೇಕು. 1889ರಲ್ಲಿ ಲಂಡನ್ನಿನ ಹೆಸರಾಂತ ವೈದ್ಯ ಲಾಡರ್ ಬ್ರಂಟನ್ ಹೈದರಾಬಾದಿಗೆ ಬಂದಾಗ ಮುಂಬಯಿಂದ ಅಲ್ಲಿಗೆ ಇದ್ದ ನೇರ ರೈಲು ದಾರಿ ಇದು. ಅವನು ಬಂದದ್ದು ಕ್ಲೋರೋಫಾರಂ ಎಂಬ ಒಂದು ದ್ರವದ ವ್ಯಾಜ್ಯವನ್ನು ತೀರಿಸುವುದಕ್ಕೆ.

ವ್ಯಾಜ್ಯದ ಹಿನ್ನೆಲೆ ಹೀಗಿದೆ. 1846ರವರೆಗೆ ಶಸ್ತ್ರವೈದ್ಯನ ದೊಡ್ಡ ಗುಣವೆಂದರೆ ಕೈಯ ವೇಗ. ರೋಗಿಯನ್ನು ನಾಲ್ವರು ಒತ್ತಿ ಹಿಡಿಯುತ್ತಿದ್ದರು. ಅವನ ಕೂಗು ಮುಗಿಯುವುದರೊಳಗೆ ಕಾಲು ಕತ್ತರಿಸಿಯಾಗಬೇಕು. ಆ ವರ್ಷ ಬೋಸ್ಟನ್ನಿನಲ್ಲಿ ಈಥರು ಬಂದಿತು, ಮರುವರ್ಷ ಎಡಿನ್‌ಬರೋದಲ್ಲಿ ಸಿಂಪ್ಸನ್ ಕ್ಲೋರೋಫಾರಮನ್ನು ಬಳಕೆಗೆ ತಂದನು. ಲೋಕವೇ ನಿಟ್ಟುಸಿರು ಬಿಟ್ಟಿತು. ಆದರೆ 1848ರ ಜನವರಿಯಲ್ಲಿ ಇಂಗ್ಲೆಂಡಿನ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ, ಕಾಲ್ಬೆರಳಿನ ಉಗುರು ತೆಗೆಯುವ ಅತಿ ಸಣ್ಣ ಚಿಕಿತ್ಸೆಯಲ್ಲಿ, ಕ್ಲೋರೋಫಾರಂ ಮೂಸಿದ ಕೆಲವೇ ನಿಮಿಷಗಳಲ್ಲಿ ಸತ್ತುಹೋದಳು. ಅನಂತರ ಇಂಥ ಸಾವುಗಳು ನಡೆಯುತ್ತಲೇ ಬಂದವು. ಮೊದಲು ನಿಲ್ಲುವುದು ಎದೆಯೋ ಉಸಿರೋ? ಎದೆಯೆಂದು ಲಂಡನ್, ಉಸಿರೆಂದು ಎಡಿನ್‌ಬರೋ. ವಾದ ನಾಲ್ಕು ದಶಕ ನಡೆಯಿತು.

ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಎಡಿನ್‌ಬರೋ ಪಕ್ಷದವನು. ನಾಡಿ ಹಿಡಿದು ಕೂಡುವುದು ಕಾಲಹರಣ, ಉಸಿರೊಂದನ್ನೇ ನೋಡಿಕೊಂಡರೆ ಸಾಕು ಎಂಬುದು ಅವನ ಛಲ. 1888ರಲ್ಲಿ ಅವನು ಒಂದು ಆಯೋಗ ಮಾಡಿ ನೂರಕ್ಕೂ ಹೆಚ್ಚು ನಾಯಿಗಳ ಮೇಲೆ ಪರೀಕ್ಷೆ ನಡೆಸಿ ತನ್ನ ಮತವನ್ನೇ ಸ್ಥಾಪಿಸಿದನು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ನಂಬಲಿಲ್ಲ. ಆಗ ಆರನೆಯ ನಿಜಾಮ ಮಹಬೂಬ್ ಅಲೀ ಖಾನರು, ನಿಮ್ಮವನನ್ನೇ ಕಳುಹಿಸಿ ಪರೀಕ್ಷಿಸಿರೆಂದು, ಆ ಪತ್ರಿಕೆಗೆ 1000 ಪೌಂಡು ನೀಡಲು ಮುಂದೆ ಬಂದರು. ಹಾಗೆ ಬಂದವನು ಬ್ರಂಟನ್. ಎರಡನೆಯ ಆಯೋಗದಲ್ಲಿ ಅವನೊಡನೆ ಲಾರಿ, ಬಾಮ್‌ಫರ್ಡ್, ಹೈದರಾಬಾದಿನ ರುಸ್ತುಂಜಿ ಹಕೀಂ ಇದ್ದರು. ಎದೆಯೇ ಮೊದಲು ನಿಲ್ಲಬಲ್ಲದೆಂದು ನಂಬಿ ಬಂದ ಬ್ರಂಟನ್ ತನ್ನ ಅಭಿಪ್ರಾಯವನ್ನು ಬದಲಿಸಿಕೊಂಡು, ಉಸಿರೇ ಮೊದಲು ನಿಲ್ಲುವುದೆಂದು ಲಂಡನ್ನಿಗೆ ತಂತಿ ಕಳುಹಿಸಿದನು. ಈ ಕಾರ್ಯದಲ್ಲಿ ಕ್ಲೋರೋಫಾರಂ ಕೊಡುವ ಕೈಗಳಲ್ಲಿ ಒಂದು ಅಲ್ಲಿಯ ವೈದ್ಯಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜೀ ಎಂಬ ಪಾರಸಿ ಮಹಿಳೆಯದು. ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಆಕೆಯನ್ನು ಎಣಿಸುತ್ತಾರೆ.

ಈ ಎರಡನೆಯ ಪರೀಕ್ಷೆಗೆ ನಾಯಿ, ಕೋತಿ, ಮೊಲ ಸೇರಿ ನಾನೂರಕ್ಕೂ ಮಿಕ್ಕ ಪ್ರಾಣಿಗಳು ತಗಲಿದವು. ಈ ಸಂಖ್ಯೆಯನ್ನು ಓದಿದಾಗ ನನಗೆ ನೆನಪಾದದ್ದು ಅದೇ ರೈಲು ದಾರಿಯ ಮಳಖೇಡ. ಸೇಡಂ ತಾಲೂಕಿನ ಈ ಊರು ರಾಷ್ಟ್ರಕೂಟರ ಮಾನ್ಯಖೇಟ, ಕವಿರಾಜಮಾರ್ಗದ ನೆಲ. ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ಬರೆದ ಜೈನಮುನಿ ಉಗ್ರಾದಿತ್ಯನು ನೃಪತುಂಗನ ಆಸ್ಥಾನದಲ್ಲಿ ವೈದ್ಯರ ನಡುವೆ ನಿಂತು, ಔಷಧಿಗಾಗಿ ಪ್ರಾಣಿಯ ಮಾಂಸ ಬೇಕಾಗಿಲ್ಲವೆಂದು ವಾದಿಸಿದನೆಂದು ಆ ಗ್ರಂಥದ ಕೊನೆಯ ಭಾಗವೇ ಹೇಳುತ್ತದೆ. ಕಾಗಿಣಾ ನದಿಯ ದಂಡೆಯ ಆ ವಾದವನ್ನು ಬ್ರಂಟನ್ ಕೇಳಿರುವ ಸಂಭವವಿಲ್ಲ. ಕೇಳಿದ್ದರೆ ಏನೆನ್ನುತ್ತಿದ್ದನೋ! ಮನುಷ್ಯನ ನೋವನ್ನು ಕಳೆಯುವ ವಿದ್ಯೆ ಎಷ್ಟು ಮೂಕಜೀವಗಳ ಮೇಲೆ ನಿಂತಿದೆಯೆಂಬುದನ್ನು ವೈದ್ಯಚರಿತ್ರೆ ಬರೆಯುವವರು ಒಂದು ಸಾಲಿನಲ್ಲಿ ಮುಗಿಸುವುದು ನನಗೆ ಸರಿಯೆನಿಸುವುದಿಲ್ಲ.

ಇಷ್ಟಾಗಿಯೂ ಆಯೋಗದ ತೀರ್ಪು ಪೂರ್ತಿ ಸರಿಯಾಗಿರಲಿಲ್ಲ. ಅದು ಎಲ್ಲಿ ತಪ್ಪಿತೆಂದು ತಿಳಿಯಬೇಕಾದರೆ ನೋವು ನಡೆಯುವ ದಾರಿಯನ್ನು ನೋಡಬೇಕು. ಶಹಾಬಾದಿನ ಪರಸಿ ಕಲ್ಲಿನ ಖಣಿಯಲ್ಲಿ ಒಬ್ಬನ ಬೆರಳಿಗೆ ಸುತ್ತಿಗೆ ಬಿತ್ತೆನ್ನಿ. ಮೊದಲು ಚುರುಕ್ಕೆಂದು ಒಂದು ನೋವು. ಕೈ ಹಿಂದಕ್ಕೆ ಬಂದಾದ ಮೇಲೆ, ಒಂದು ಗಳಿಗೆ ಬಿಟ್ಟು, ಉರಿಯುವ, ಸಿಡಿಯುವ, ಬಹಳ ಹೊತ್ತು ಉಳಿಯುವ ಇನ್ನೊಂದು ನೋವು. ಇವೆರಡಕ್ಕೂ ಬೇರೆ ಬೇರೆ ನರತಂತುಗಳಿವೆ. ತೆಳುವಾದ ಕೊಬ್ಬಿನ ಹೊದಿಕೆಯುಳ್ಳ ತಂತು ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ವೇಗದಲ್ಲಿ ಸುದ್ದಿ ಒಯ್ಯುತ್ತದೆ. ಹೊದಿಕೆಯಿಲ್ಲದ್ದು ಒಂದೆರಡು ಮೀಟರ್ ಮಾತ್ರ. ಒಂದು ಮೇಲ್ ಗಾಡಿ, ಒಂದು ಗೂಡ್ಸ್ ಗಾಡಿ ಎಂದರೆ ವಾಡಿಯವರಿಗೆ ಬೇಗ ತಿಳಿದೀತು. ಬೆರಳಿನ ತುದಿಯಲ್ಲಿ, ಅಪಾಯದ ಮಟ್ಟಕ್ಕೆ ಒತ್ತು ಅಥವಾ ಬಿಸಿ ಏರಿದಾಗ ಮಾತ್ರ ಎಚ್ಚರಗೊಳ್ಳುವ ನರತುದಿಗಳಿವೆ. ಶೆರಿಂಗ್ಟನ್ ಎಂಬ ಶರೀರವಿಜ್ಞಾನಿ 1906ರಲ್ಲಿ ಅವುಗಳಿಗೊಂದು ಹೆಸರಿಟ್ಟನು. ಕನ್ನಡದಲ್ಲಿ ಹಾನಿಗ್ರಾಹಕ ಎನ್ನಬಹುದು. ಹೆಸರಿನಲ್ಲಿ ‘ನೋವು’ ಎಂಬ ಶಬ್ದವಿಲ್ಲದಿರುವುದನ್ನು ಗಮನಿಸಬೇಕು. ಹಾನಿಯ ಸುದ್ದಿ ಬೇರೆ, ನೋವಿನ ಅರಿವು ಬೇರೆ. ನಮ್ಮೂರ ಮೆಣಸಿನಕಾಯಿ ಬಾಯಿ ಸುಡುವುದೂ ಹೀಗೆಯೇ: ಬಿಸಿಗೆ ತೆರೆದುಕೊಳ್ಳುವ ನರದ ಬಾಗಿಲನ್ನು ಅದರ ಖಾರ ಹೋಗಿ ತಟ್ಟುತ್ತದೆಂದು ಡೇವಿಡ್ ಜೂಲಿಯಸ್ 1997ರಲ್ಲಿ ತೋರಿಸಿದರು, 2021ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡರು.

ತಂತು ಬೆನ್ನುಹುರಿಯನ್ನು ಸೇರುತ್ತದೆ. ಅದೊಂದು ಜಂಕ್ಷನ್. ಅಲ್ಲಿ ಸುದ್ದಿ ಇನ್ನೊಂದು ನರಕ್ಕೆ ದಾಟಿ, ಪಕ್ಕ ಬದಲಿಸಿ, ಮೆದುಳಿಗೆ ಏರುತ್ತದೆ. ಅಲ್ಲಿ ತಲುಪಿದ ಮೇಲೆಯೇ ಅದು ಬೇನೆ. ಪೆಟ್ಟು ಬಿದ್ದ ಜಾಗವನ್ನು ತಾಯಿ ತಿಕ್ಕಿದರೆ ಮಗುವಿಗೆ ಹಾಯೆನಿಸುವುದೇಕೆ? ಸ್ಪರ್ಶದ ಸುದ್ದಿ ಇದೇ ಜಂಕ್ಷನ್ನಿನಲ್ಲಿ ಹಾನಿಯ ಸುದ್ದಿಯನ್ನು ತಡೆಹಿಡಿಯುತ್ತದೆಂದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ವಿವರಿಸಿದರು. ಆದರೆ ಜಂಕ್ಷನ್ ಎಂದ ಮೇಲೆ ಕವಲುಗಳೂ ಇರುತ್ತವೆ. ಒಂದು ಕವಲು ಮೆದುಳಿನ ಬುಡದ ಮೂಲಕ ಎದೆಬಡಿತವನ್ನು ಏರಿಸುತ್ತದೆ, ಮೂತ್ರಪಿಂಡದ ಮೇಲಿನ ಗ್ರಂಥಿಯಿಂದ ಆಡ್ರಿನಲಿನ್ ಎಂಬ ರಸವನ್ನು ಬಿಡಿಸುತ್ತದೆ. ಈ ಕವಲು ನಮ್ಮ ಅರಿವಿನ ಅಪ್ಪಣೆಗೆ ಕಾಯುವುದಿಲ್ಲ.

1911ರಲ್ಲಿ ಗುಡ್‌ಮನ್ ಲೆವಿ ಎಂಬ ವೈದ್ಯ, ಪಾಪ, ಈ ಬಾರಿ ಬೆಕ್ಕುಗಳ ಮೇಲೆ, ಪ್ರಯೋಗ ಮಾಡಿ ಗಂಟು ಬಿಡಿಸಿದನು. ಕ್ಲೋರೋಫಾರಂ ತೀರ ಹಗುರಾಗಿರುವಾಗ ಆಡ್ರಿನಲಿನ್ ರಕ್ತಕ್ಕೆ ಬಂದರೆ ಹೃದಯ ಬಡಿಯುವುದನ್ನು ಬಿಟ್ಟು ಸುಮ್ಮನೆ ನಡುಗತೊಡಗುತ್ತದೆ, ಪ್ರಾಣಿ ಕೂಡಲೇ ಸಾಯುತ್ತದೆ. ಹೆದರಿಕೆಯಿಂದಲೂ ಅರೆನಿದ್ದೆಯಲ್ಲಿ ತಾಗಿದ ಕತ್ತಿಯಿಂದಲೂ ಆ ರಸ ಉಕ್ಕಬಹುದು. ಹ್ಯಾನಾ ಗ್ರೀನರ್ ಹೀಗೆಯೇ ಸತ್ತಿರಬಹುದೆಂದು ಹಲವರು ಊಹಿಸಿದ್ದಾರೆ; ಆ ಹುಡುಗಿ ಬಹಳ ಹೆದರಿದ್ದಳಂತೆ. ಅಪಾಯ ಕ್ಲೋರೋಫಾರಮನ್ನು ಹೆಚ್ಚು ಕೊಡುವುದರಲ್ಲಿ ಮಾತ್ರ ಇದೆಯೆಂದು ತಿಳಿದಿದ್ದ ಹೈದರಾಬಾದಿನ ಆಯೋಗ, ಕಡಿಮೆ ಕೊಡುವುದರಲ್ಲಿದ್ದ ಈ ಅಪಾಯವನ್ನು ಕಾಣಲಿಲ್ಲ. ಉಸಿರಿನ ಕಡೆಗೆ ಲೋಕದ ಗಮನ ಸೆಳೆದ ಕೀರ್ತಿ ಲಾರಿಗೆ ಸಲ್ಲಬೇಕು. ನಾಡಿಯನ್ನು ನೋಡಬೇಡಿರೆಂದು ಹಟ ಹಿಡಿದ ದೋಷವೂ ಅವನದೇ.

ಕೆಲವು ವರ್ಷಗಳ ಹಿಂದೆ ನನಗೊಂದು ಶಸ್ತ್ರಚಿಕಿತ್ಸೆಯಾಯಿತು. ಅರಿವಳಿಕೆ ಕೊಡಲು ಬಂದ ವೈದ್ಯೆ ಸೇಡಂ ಕಡೆಯವರು. ಅರಿವು ಅಳಿಯುವುದೇ ಅರಿವಳಿಕೆಯಾದರೆ ನಿದ್ದೆಯ ಔಷಧದ ಜೊತೆಗೆ ನೋವಿನ ಔಷಧವನ್ನೂ ಕೊಡುವುದೇಕಮ್ಮ ಎಂದು, ಮೇಷ್ಟರ ಚಾಳಿ ಬಿಡದೆ, ಕೇಳಿದೆ. “ಸರ, ನಿಮಗ ನಿದ್ದಿ ಹತ್ತತದ, ನಿಮ್ಮ ನರಕ್ಕ ಹತ್ತಂಗಿಲ್ರಿ” ಎಂದರು. ಪಕ್ಕದ ಪರದೆಯ ಮೇಲೆ ಎದೆಬಡಿತದ ಗೆರೆಯೊಂದು, ಅದರ ಕೆಳಗೆ ಉಸಿರಿನ ಗೆರೆಯೊಂದು ಓಡುತ್ತಿದ್ದವು. ಲಾರಿಯ ಹೆಸರನ್ನು ಅವರು ಕೇಳಿರಲಿಲ್ಲ. ರೂಪಾಬಾಯಿಯ ಹೆಸರನ್ನು ಕೇಳಿದ್ದರು.