ವಾಕ್ಯವಾಗಿದೆಯೋ, ವಾಕ್ಯವಾಗುತ್ತದೆಯೋ?

ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಹೆಸರು ಕನ್ನಡಿಗರಿಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದು, ಮುಂದೆ ಹೆಂಚು ಮತ್ತು ಅಚ್ಚುಕೂಟಕ್ಕೆ ಹೆಸರಾದ ಬಾಸೆಲ್ ಮಿಶನ್ ಹೊರಟಿದ್ದು ಅಲ್ಲಿಂದಲೇ. ಸತ್ಯವೇದ ದೇವರ ವಾಕ್ಯ ಎಂಬುದು ಆ ಮಿಶನರಿಗಳಿಗೆ ವಾದದ ವಿಷಯವೇ ಆಗಿರಲಿಲ್ಲ. ಅದನ್ನು ಬಿಸಿ ವಾದವಾಗಿಸಿದ ಕಾರ್ಲ್ ಬಾರ್ಟ್ ಹುಟ್ಟಿದ್ದೂ ಬಾಸೆಲ್‌ನಲ್ಲೇ, 1886ರಲ್ಲಿ.

ಬಾರ್ಟ್ ಕಲಿತದ್ದು ಉದಾರವಾದಿ ಗುರುಗಳ ಬಳಿ. ಅವರ ಪಾಲಿಗೆ ಬೈಬಲ್ ಮನುಷ್ಯನ ಧಾರ್ಮಿಕ ಅನುಭವದ ದಾಖಲೆ. 1914ರಲ್ಲಿ ಅದೇ ಗುರುಗಳಲ್ಲಿ ಕೆಲವರು ಜರ್ಮನಿಯ ಯುದ್ಧವನ್ನು ಬೆಂಬಲಿಸಿ ಸಹಿ ಹಾಕಿದಾಗ ಶಿಷ್ಯನ ನಂಬಿಕೆ ಕುಸಿಯಿತು. ರೋಮಾಪುರದವರಿಗೆ ಬರೆದ ಪತ್ರಿಕೆಯ ಮೇಲೆ ಬಾರ್ಟ್ 1919ರಲ್ಲಿ ಪ್ರಕಟಿಸಿದ ವ್ಯಾಖ್ಯಾನ ಉದಾರವಾದದ ಬುಡವನ್ನೇ ಅಲುಗಿಸಿತು. ಮಾತನಾಡಬೇಕಾದವನು ದೇವರು, ಮನುಷ್ಯನಲ್ಲ ಎಂಬುದು ಅದರ ಸಾರ. ‘ನವ ಸಂಪ್ರದಾಯವಾದ’ ಎಂದು ಹೆಸರಾದದ್ದು ಈ ಚಿಂತನೆಯೇ.

ಇಷ್ಟಾದರೆ ಸಂಪ್ರದಾಯನಿಷ್ಠರು ಸಂತೋಷಪಡಬೇಕಿತ್ತು. ಆದರೆ ಬಾರ್ಟ್ ಹೇಳಿದ್ದು, ಸತ್ಯವೇದ ದೇವರ ಪ್ರಕಟಣೆಗೆ ಮನುಷ್ಯರು ಕೊಟ್ಟ ಸಾಕ್ಷಿ, ಅದನ್ನು ಬರೆದವರು ತಪ್ಪಬಲ್ಲ ಮನುಷ್ಯರು, ದೇವರು ಅದರ ಮೂಲಕ ಮಾತನಾಡಿದಾಗ ಅದು ಆತನ ವಾಕ್ಯವಾಗುತ್ತದೆ ಎಂದು. ‘ವಾಕ್ಯವಾಗಿದೆ’ ಎನ್ನುತ್ತಿದ್ದವರಿಗೆ ಈ ‘ಆಗುತ್ತದೆ’ ನುಂಗಲಾರದ ತುತ್ತಾಯಿತು. ಅಮೆರಿಕದ ಕಾರ್ನೇಲಿಯಸ್ ವ್ಯಾನ್ ಟಿಲ್ 1946ರ ತಮ್ಮ ಪುಸ್ತಕದಲ್ಲಿ ಇದನ್ನು ‘ಹೊಸ ಆಧುನಿಕತಾವಾದ’ ಎಂದೇ ಕರೆದರು. ಎದುರಾಳಿ ನಮ್ಮದೇ ಮಾತುಗಳನ್ನು ಆಡಿದರೆ ಗುರುತಿಸುವುದು ಕಷ್ಟ ಎಂಬುದು ಅವರ ಅಳಲು. ದೇವರು ಮಾತನಾಡಿದನೋ ಇಲ್ಲವೋ ಎಂದು ನಿರ್ಧರಿಸುವವರು ಯಾರು? ಕೊನೆಗೆ ಓದುಗನೇ ನ್ಯಾಯಾಧೀಶನಾಗುವುದಿಲ್ಲವೆ? ಈ ಆಕ್ಷೇಪ ಪೂರ್ತಿ ನ್ಯಾಯವಾದುದಲ್ಲ. ನಿರ್ಧಾರ ದೇವರದೇ ಎಂದು ಬಾರ್ಟ್ ಒತ್ತಿ ಹೇಳಿದ್ದುಂಟು. ಆದರೆ ಸಭೆಯ ಮುಂದೆ ಪುಸ್ತಕ ತೆರೆದು ನಿಂತ ಪಾದ್ರಿಗೆ ಅಷ್ಟು ಸಾಕೆ ಎಂಬ ಪ್ರಶ್ನೆ ಉಳಿಯುತ್ತದೆ.

ಭಾರತಕ್ಕೆ ಈ ಗಾಳಿ ಜೋರಾಗಿ ಬೀಸಿದ್ದು 1938ರಲ್ಲಿ, ಮದರಾಸಿನ ಬಳಿಯ ತಾಂಬರಂನಲ್ಲಿ ನಡೆದ ಅಂತರರಾಷ್ಟ್ರೀಯ ಮಿಶನರಿ ಸಮ್ಮೇಳನದ ಮೂಲಕ. ಅದಕ್ಕಾಗಿ ಹಾಲೆಂಡಿನ ಹೆಂಡ್ರಿಕ್ ಕ್ರೇಮರ್ ಬರೆದ ಗ್ರಂಥದಲ್ಲಿ ಬಾರ್ಟ್ ಪ್ರಭಾವ ಸ್ಪಷ್ಟವಾಗಿತ್ತು. 1910ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಪಿ.ಡಿ. ದೇವನಂದನ್ ಮೊದಲು ಕ್ರೇಮರ್‌ಗೆ ಒಲಿದು, ಆಮೇಲೆ ಅನ್ಯಧರ್ಮಗಳೊಡನೆ ಸಂವಾದದ ಹಾದಿ ಹಿಡಿದರು. ಸಂಪ್ರದಾಯನಿಷ್ಠರಿಗೆ ಬಂಗಾರಪೇಟೆಯಲ್ಲಿ 1937ರಿಂದ ಸೆಮಿನರಿ ಇತ್ತು. ಬೆಂಗಳೂರಿನಲ್ಲಿ 1982ರಲ್ಲಿ ಇನ್ನೊಂದು ಉನ್ನತ ಸಂಸ್ಥೆ ತಲೆಯೆತ್ತಿತು.

ಕನ್ನಡದ ಓದುಗರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಅವರ ಕೈಲಿರುವುದು ಹಲವು ಸಲ ಪರಿಷ್ಕೃತವಾದ ಅನುವಾದ. 1978ರ ಶಿಕಾಗೊ ಹೇಳಿಕೆ ಇದಕ್ಕೆ ಉತ್ತರ ಕೊಟ್ಟಿತು: ದೋಷರಹಿತ ಎನ್ನುವುದು ಮೂಲ ಹಸ್ತಪ್ರತಿಗೆ, ಅನುವಾದ ಅದಕ್ಕೆ ನಿಷ್ಠವಾಗಿರುವಷ್ಟು ಮಟ್ಟಿಗೆ ದೇವರ ವಾಕ್ಯ. ಆ ಮೂಲ ಹಸ್ತಪ್ರತಿಗಳಲ್ಲಿ ಒಂದೂ ಇಂದು ಉಳಿದಿಲ್ಲ.