ಆಳವೊಂದೇ ಸಾಲದು

ಕೋಲಾರದ ಚಿನ್ನದ ಗಣಿಯ ಚರಿತ್ರೆಯನ್ನು ಚಿನ್ನದಿಂದಲೇ ಅಳೆಯುವುದು ರೂಢಿ. ಬಂಗಾರಪೇಟೆಯಿಂದ 1894ರಲ್ಲಿ ಗಣಿಯತ್ತ ರೈಲು ಹೊರಟದ್ದು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದದ್ದು ಅದಿರಿಗಾಗಿಯೇ. ಆದರೆ 1950ರ ದಶಕದಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಅಲ್ಲಿ ಇಳಿದದ್ದು, ವಿಶ್ವಕಿರಣಗಳು ನೆಲದೊಳಗೆ ಎಲ್ಲಿಯವರೆಗೆ ತೂರುತ್ತವೆಂದು ಅಳೆಯಲು. 1965ರಲ್ಲಿ ಒಸಾಕಾ ಮತ್ತು ಡರ್‌ಹ್ಯಾಮ್ ವಿಶ್ವವಿದ್ಯಾಲಯಗಳ ಜೊತೆಗೂಡಿ ಚಾಂಪಿಯನ್ ರೀಫ್ ಗಣಿಯ ಸುಮಾರು 2.3 ಕಿ.ಮೀ. ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳ ಗುರುತು ಹಿಡಿದರು. ಅಷ್ಟು ಬಂಡೆ ತಲೆಯ ಮೇಲಿದ್ದರೂ ಒಂದೇ ಉಪಕರಣದ ಮಿನುಗನ್ನು ಅವರು ನಂಬಲಿಲ್ಲ. ಆಕಾಶವನ್ನು ತಡೆಯುವ ಬಂಡೆ ತಾನೇ ವಿಕಿರಣ ಸೂಸುತ್ತದೆ. ಎದುರುಬದುರಿನ ಪತ್ತೆಫಲಕಗಳೆರಡೂ ಒಟ್ಟಿಗೆ ಮಿನುಗಬೇಕು, ನಡುವಿನ ನಿಯಾನ್ ಕೊಳವೆಗಳಲ್ಲಿ ಕಣದ ಹಾದಿ ಮೂಡಬೇಕು. ಆಗಲೇ ಅದು ಲೆಕ್ಕಕ್ಕೆ. ಕಂಪ್ಯೂಟರ್ ಮೆಮೊರಿಯ ಬಗ್ಗೆ ಈ ಗಣಿ ಹೇಳುವುದೂ ಇದನ್ನೇ: ರಕ್ಷಣೆ ಎಷ್ಟಿದ್ದರೂ ಎರಡನೆಯ ಸಾಕ್ಷಿ ಬೇಕು.

ಮೆಮೊರಿ ಚಿಪ್‌ಗೂ ವೈರಿ ಎರಡು ಕಡೆ. ಹೊದಿಕೆಯಲ್ಲಿ ಬೆರೆತ ಯುರೇನಿಯಂ, ಥೋರಿಯಂನ ಆಲ್ಫಾ ಕಣಗಳು ಬಿಟ್ ತಿರುಗಿಸುತ್ತವೆಂದು ಇಂಟೆಲ್‌ನ ಮೇ ಮತ್ತು ವುಡ್ಸ್ 1978ರಲ್ಲಿ ತೋರಿಸಿದರು. ಮರುವರ್ಷ ಝೀಗ್ಲರ್ ಮತ್ತು ಲ್ಯಾನ್‌ಫರ್ಡ್ ವಿಶ್ವಕಿರಣಗಳತ್ತ ಬೆರಳು ಮಾಡಿದರು. ಸಾಮಾನ್ಯ ಮೆಮೊರಿ ತಿರುಗಿದ ಬಿಟ್ಟನ್ನೂ ನಿಜವೆಂದೇ ಒಪ್ಪಿಸುತ್ತದೆ. ಇಸಿಸಿ (ತಪ್ಪು ತಿದ್ದುವ ಸಂಕೇತದ) ಮೆಮೊರಿ ಸಾಮಾನ್ಯವಾಗಿ 64 ಬಿಟ್‌ಗೆ 8 ತಪಾಸಣಾ ಬಿಟ್ ಸೇರಿಸಿ, ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ದಾರಿಯಲ್ಲಿ, ಒಂದು ತಪ್ಪನ್ನು ತಿದ್ದುತ್ತದೆ, ಎರಡಾದರೆ ಎಚ್ಚರಿಸುತ್ತದೆ.

ಗಣಿಯಲ್ಲಿ ಹುಡುಕಿದ್ದು ನ್ಯೂಟ್ರಿನೊ, ವಿಶ್ವಕಿರಣಗಳಿಂದ ಹುಟ್ಟಿ ಚಿಪ್ ಕೆಡಿಸುವುದು ಮುಖ್ಯವಾಗಿ ನ್ಯೂಟ್ರಾನ್, ಎಲ್ಲಿಯ ನಂಟು ಎನ್ನಬಹುದು. ಕಣ ಬೇರೆ, ನಿಜ; ನಾನು ಹೋಲಿಸುತ್ತಿರುವುದು ತಪ್ಪನ್ನು ಬೇರ್ಪಡಿಸುವ ಕ್ರಮವನ್ನು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಗೂಗಲ್‌ನ ಸರ್ವರ್‌ಗಳ 2009ರ ಅಧ್ಯಯನದಲ್ಲಿ ವರ್ಷಕ್ಕೆ ಶೇ. 8ಕ್ಕೂ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ ತಪ್ಪು ಕಂಡಿತ್ತು, ಬಹಳಷ್ಟಕ್ಕೆ ಕಾರಣ ಆಕಾಶವಲ್ಲ, ಯಂತ್ರದ್ದೇ ದೋಷ ಎಂದು ಅದು ಸೂಚಿಸಿತು. ಇದು ವಾದವನ್ನು ಕೆಡಿಸುವುದಿಲ್ಲ, ಬಲಪಡಿಸುತ್ತದೆ: ತಪಾಸಣಾ ಬಿಟ್ ತಪ್ಪಿನ ಮೂಲ ಕೇಳುವುದಿಲ್ಲ. ಆ ಅಂಕಿ ನಮಗೆ ಸಿಕ್ಕಿದ್ದೂ ಇಸಿಸಿ ಲೆಕ್ಕ ಇಟ್ಟದ್ದರಿಂದ. ಸಾಮಾನ್ಯ ಮೆಮೊರಿಯಲ್ಲಿ ಎಣಿಸುವವರೇ ಇಲ್ಲ. ಇಸಿಸಿಗೆ ಬೆಲೆ ಹೆಚ್ಚೆಂಬುದೂ ದಿಟ, ಆಟದ ಕಂಪ್ಯೂಟರಿಗೆ ಅದು ಬೇಡವಾಗಬಹುದು. ಬ್ಯಾಂಕಿನ ಲೆಕ್ಕ, ರೋಗಿಯ ದಾಖಲೆ ಇರುವ ಯಂತ್ರದಲ್ಲಿ ಉಳಿತಾಯದ ಮಾತು ನನಗೆ ಒಪ್ಪಿಗೆಯಿಲ್ಲ. ಆದರೂ ಒಂದೇ ಯಂತ್ರದೊಳಗಿನ ತಪಾಸಣೆಗೆ ಮಿತಿಯಿದೆ. 1980ರ ದಶಕದಲ್ಲಿ ಇದೇ ಗಣಿಯ ತಂಡ ಪ್ರೋಟಾನ್ ಒಡೆದಿರಬಹುದಾದ ಘಟನೆಗಳನ್ನು ವರದಿ ಮಾಡಿತು; ಅಮೆರಿಕ, ಜಪಾನಿನ ಇನ್ನೂ ದೊಡ್ಡ ಪತ್ತೆಯಂತ್ರಗಳಿಂದ ಅದಕ್ಕೆ ಬೆಂಬಲ ಸಿಗಲಿಲ್ಲ.