ಅಕ್ಕ ಸತ್ತರೆ ಅಮಾವಾಸ್ಯೆ

ಓದುಗರೊಬ್ಬರು ಕಾಗದ ಬರೆದಿದ್ದಾರೆ. ಜಪಾನಿನ ‘ಸಮ್ಮರ್ ಟೈಮ್ ರೆಂಡರಿಂಗ್’ ನೋಡಿದರಂತೆ. ‘ಟೈಮ್ ಲೂಪ್ ಕಥೆ ಸಾರ್, ಸಿಸ್ಟರ್ ಸೆಂಟಿಮೆಂಟ್ ಸೂಪರ್, ಸಿಸ್ಟರ್ ಸ್ಯಾಕ್ರಿಫೈಸ್ ಅಂತೂ ಅಳಿಸಿಬಿಡ್ತು’ ಎಂದು ಬರೆದು, ಈ ಸಿಸ್ಟರ್‌ಗೆ ಅಚ್ಚುಕಟ್ಟಾದ ಕನ್ನಡ ಯಾವುದು, ಸಹೋದರಿಯೋ ಸೋದರಿಯೋ ಎಂದು ಕೇಳಿದ್ದಾರೆ.

ಎರಡೂ ಬೇಡ. ಸಹೋದರಿಯರು ಇರುವುದು ಮೈಕಿನ ಮುಂದೆ, ಬಾಂಧವರ ಬೆನ್ನಿಗೆ. ಆ ಪದವನ್ನು ಬಿಡಿಸಿ ಹೇಳಲು ಊರಿಗೊಬ್ಬ ಮೇಷ್ಟ್ರಿದ್ದಾರೆ, ನಾನು ಹೇಳುವುದಿಲ್ಲ. ಸಿಸ್ಟರ್ ಎಂದರೆ ನಮ್ಮಲ್ಲಿ ಇಂಜೆಕ್ಷನ್ ಚುಚ್ಚುವವರು. ಮನೆಯೊಳಗೆ ಓಡಾಡುವವಳು ಅಕ್ಕ, ಇಲ್ಲವೇ ತಂಗಿ. ಯಾರು ಮೊದಲು ಹುಟ್ಟಿದ್ದು ಎಂದು ಗೊತ್ತುಮಾಡಿಕೊಳ್ಳದೆ ಕನ್ನಡ ಬಾಯಿ ಬಿಡುವುದಿಲ್ಲ. ಈ ಕಥೆಯಲ್ಲಂತೂ ಅದು ಗೊತ್ತಿರಲೇಬೇಕು, ಏಕೆಂದರೆ ಸತ್ತವಳು ಅಕ್ಕ.

ಯಾಸುಕಿ ತನಾಕಾ 2017ರಿಂದ 2021ರವರೆಗೆ ಬರೆದ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಅದು; 2022ರಲ್ಲಿ 25 ಕಂತುಗಳ ಅನಿಮೆ ಆಯಿತು. ವಕಯಾಮಾ ಕಡೆಯ ಒಂದು ಪುಟ್ಟ ದ್ವೀಪ. 2018ರ ಜುಲೈ 22ರಂದು ಶಿಂಪೇ ಎಂಬ ಹುಡುಗ ತಾನು ಬೆಳೆದ ಮನೆಯ ಹಿರಿಮಗಳು ಉಶಿಯೊಳ ಅಂತ್ಯಕ್ರಿಯೆಗೆ ದೋಣಿಯಲ್ಲಿ ಬರುತ್ತಾನೆ. ಮುಳುಗುತ್ತಿದ್ದ ಚಿಕ್ಕ ಹುಡುಗಿಯನ್ನು ಉಳಿಸಲು ನೀರಿಗೆ ಹಾರಿ ಸತ್ತಳೆಂದು ಊರು ಹೇಳುತ್ತದೆ. ಕುತ್ತಿಗೆಯ ಮೇಲೆ ಹಿಸುಕಿದ ಗುರುತಿತ್ತೆಂದು ಗೆಳೆಯನೊಬ್ಬ ಹೇಳುತ್ತಾನೆ. ಮನೆಯಲ್ಲಿ ಉಳಿದವಳು ತಂಗಿ ಮಿಯೊ. ಮನುಷ್ಯರನ್ನು ಕೊಂದು ಅವರದೇ ರೂಪ ತಾಳುವ ನೆರಳುಗಳು ಆ ದ್ವೀಪದಲ್ಲಿವೆ. ಶಿಂಪೇ ಸಾಯುತ್ತಾನೆ, ಮತ್ತೆ ದೋಣಿಯಲ್ಲಿ ಕಣ್ಣು ಬಿಡುತ್ತಾನೆ. ಸತ್ತ ಅಕ್ಕನ ನೆರಳೂ ಬರುತ್ತದೆ. ತಾನು ನಿಜವಾದ ಉಶಿಯೊ ಅಲ್ಲ, ಬರೀ ನೆರಳು ಎಂದು ತಿಳಿದೂ ಅವಳು ತಂಗಿಗಾಗಿ, ಊರಿಗಾಗಿ ಕಾದಾಡುತ್ತಾಳೆ. ಮುಂದಿನದನ್ನು ಹೇಳಿದರೆ ನೋಡದವರು ನನ್ನನ್ನು ಬೈದಾರು.

ನನಗೆ ಆ ಕಾಗದ ಓದಿದೊಡನೆ ನೆನಪಾದದ್ದು ನಮ್ಮ ಗಾದೆ: ಅಕ್ಕ ಸತ್ತರೆ ಅಮಾವಾಸ್ಯೆ ನಿಲ್ಲದು, ಅಣ್ಣ ಸತ್ತರೆ ಹುಣ್ಣಿಮೆ ನಿಲ್ಲದು. ಈಗ ಇದನ್ನು ಆಫೀಸಿನಲ್ಲಿ ಯಾರಾದರೂ ರಾಜೀನಾಮೆ ಕೊಟ್ಟಾಗ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿ ನಗುವ ಗೊಂಬೆ ಅಂಟಿಸುತ್ತಾರೆ, ಅದೂ ಅರ್ಧ ಗಾದೆ. ಇಡೀ ಗಾದೆಯನ್ನು ಒಮ್ಮೆ ಬಾಯಲ್ಲಿ ಆಡಿಸಿ ನೋಡಿ. ಅಣ್ಣನಿಗೆ ಹುಣ್ಣಿಮೆ ಏಕೆ ಗಂಟುಬಿತ್ತೆಂದರೆ ನಡುವಿನ ಆ ‘ಣ್ಣ’ಕ್ಕೆ, ಬೇರೇನಿಲ್ಲ. ಅಕ್ಕನಿಗೆ ಅಮಾವಾಸ್ಯೆ ಬಂದದ್ದು ‘ಅ’ಕಾರಕ್ಕೆ ಎನ್ನಬಹುದು. ಹಾಗಾದರೆ ‘ಅಮ್ಮ ಸತ್ತರೆ ಅಮಾವಾಸ್ಯೆ’ ಇನ್ನೂ ಚೆನ್ನಾಗಿ ಕೂರುತ್ತಿತ್ತಲ್ಲ? ‘ಅಮ’ಕ್ಕೆ ‘ಅಮ’, ಪ್ರಾಸ ಕೈಗೇ ಸಿಕ್ಕಿದ ಹಾಗೆ. ಗಾದೆ ಕಟ್ಟಿದವರು ಅದನ್ನು ಮುಟ್ಟಲಿಲ್ಲ. ಅಮ್ಮ ಸತ್ತರೆ ಏನೋ ಒಂದು ನಿಲ್ಲುತ್ತದೆ ಎಂದು ಅವರಿಗೆ ಗೊತ್ತಿತ್ತು. ಎಷ್ಟೋ ಮನೆಗಳಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ, ಯುಗಾದಿಗೆ ಒಬ್ಬಟ್ಟಿಲ್ಲ. ಮದುವೆಯಾಗಿ ಹೋದ ಅಕ್ಕನೋ, ಬೇರೆ ಗೋತ್ರದವಳು. ಅವಳ ಸೂತಕ ತವರಿನಲ್ಲಿ ಮೊಟಕು. ಎತ್ತಿ ಆಡಿಸಿದವಳು, ಜಡೆ ಹಾಕಿದವಳು, ಸ್ಲೇಟು ಒಡೆದದ್ದು ತಾನೇ ಎಂದು ಏಟು ತಿಂದವಳು ಹೋದರೂ ಮನೆಯ ಕ್ಯಾಲೆಂಡರು ಅಲುಗುವುದಿಲ್ಲ. ‘ನೀನಿಲ್ಲದೆ ಏನೂ ನಿಲ್ಲುವುದಿಲ್ಲ ಹೋಗಯ್ಯ’ ಎಂಬ ಕುಹಕಕ್ಕೆ ಈ ಗಾದೆಯನ್ನು ಬಳಸುವುದು ಸರಿಯೇ. ಆದರೆ ಇದನ್ನು ಮೊದಲು ಆಡಿದವಳು ಯಾರೋ ತಂಗಿ, ಕುಹಕದಿಂದ ಅಲ್ಲ ಸಿಟ್ಟಿನಿಂದ ಆಡಿದಳು ಎಂಬುದು ನನ್ನ ಹಟ.

ಟೈಮ್ ಲೂಪ್ ಕಥೆ ಈ ಗಾದೆಯ ಮೇಲೇ ಜಗಳಕ್ಕೆ ಬಿದ್ದಿದೆ. ಅಕ್ಕ ಸತ್ತಳೇ, ಹಾಗಾದರೆ ತಿಥಿ ಮುಂದಕ್ಕೆ ಹೋಗಕೂಡದು ಎನ್ನುತ್ತದೆ. ಆದರೂ ತನಾಕಾ ಜಾಣ. ಶಿಂಪೇ ಸತ್ತು ಹಿಂತಿರುಗುವ ಗಳಿಗೆ ಪ್ರತಿ ಸಲವೂ ತುಸು ಮುಂದೆ ಸರಿಯುತ್ತದೆ. ದಿನ ಮರುಕಳಿಸುತ್ತಿದ್ದರೂ ಅವಧಿ ಸವೆಯುತ್ತಿದೆ, 24ನೇ ತಾರೀಖಿಗೆ ದ್ವೀಪದಲ್ಲಿ ನಡೆಯುವ ಜಾತ್ರೆ ಹತ್ತಿರವಾಗುತ್ತಿದೆ. ಎಷ್ಟು ಸುತ್ತು ಹಾಕಿದರೂ ಅಮಾವಾಸ್ಯೆ ಪೂರ್ತಿ ನಿಂತಿಲ್ಲ ನೋಡಿ. ಇದೇ ಕಥೆಯಲ್ಲಿ ಹಿಜುರು ಎಂಬ ಇನ್ನೊಬ್ಬ ಅಕ್ಕನಿದ್ದಾಳೆ, ಲೇಖಕಿ. ಸತ್ತ ತಮ್ಮನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡು ಕಾದಂಬರಿ ಬರೆಯುತ್ತಾಳೆ. ಅವಳಿಗೆ ನನ್ನ ಓಟು ಉಶಿಯೊಗಿಂತ ಒಂದು ಹೆಚ್ಚು.

ಇನ್ನು ನನ್ನ ಹಳೆಯ ವಾದ. ಅಕ್ಕರೆ ಹುಟ್ಟಿದ್ದು ಅಕ್ಕನಿಂದ. ಪಂಡಿತರು ಒಪ್ಪುವುದಿಲ್ಲ, ಬೇಡ. ತಮಿಳಿನವರಿಗೆ ಅಕ್ಕರೈ ಎಂದರೆ ಕಾಳಜಿ, ತೆಲುಗಿನವರಿಗೆ ಅಕ್ಕರ ಎಂದರೆ ಬೇಕಾಗುವಿಕೆ, ನಮಗೆ ಪ್ರೀತಿ. ಅಕ್ಕನಾದವಳು ಮನೆಯಲ್ಲಿ ಮಾಡುವುದು ಈ ಮೂರನ್ನೇ ತಾನೆ? ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಮಹಾದೇವಿಯನ್ನು ಅಕ್ಕ ಎಂದು ಕರೆದದ್ದು ಅವಳ ವಯಸ್ಸು ಎಣಿಸಿಯಲ್ಲ. ಇವತ್ತಿಗೂ ಉತ್ತರ ಕನ್ನಡದ ಮಕ್ಕಳಿಗೆ ಶಾಲೆಯ ಟೀಚರು ಅಕ್ಕೋರು. ಬೈಗುಳಕ್ಕೂ ಬೆಂಗಳೂರಿಗೆ ಅಕ್ಕನೇ ಬೇಕು, ಅದು ಬೇರೆ ಮಾತು.

ಮಾರುಕಟ್ಟೆಯಲ್ಲೂ ಈ ಪದ ಇನ್ನೂ ಗಟ್ಟಿಯಾಗಿದೆ. ‘ಮೊಳ ಎಷ್ಟಕ್ಕಾ?’ ‘ಇಪ್ಪತ್ತು ಕಣಕ್ಕ.’ ಕೊಳ್ಳುವವಳು ಇಪ್ಪತ್ತೈದರವಳು, ಮಲ್ಲಿಗೆ ಅಳೆಯುವವಳು ಅರವತ್ತರವಳು. ಇಬ್ಬರೂ ಒಬ್ಬರಿಗೊಬ್ಬರು ಅಕ್ಕ, ಯಾರೂ ತಂಗಿಯಾಗಲು ತಯಾರಿಲ್ಲ. ಮಾಲ್‌ನಲ್ಲಿ ಇದೇ ಮಾತು ‘ಮ್ಯಾಮ್’ ಆಗಿ ಸೊರಗುತ್ತದೆ. ಅಪಾರ್ಟ್‌ಮೆಂಟಿನ ಮಕ್ಕಳಿಗೆ ಅಕ್ಕ ‘ದೀದಿ’ಯಾಗಿದ್ದಾಳೆ, ಒಡಹುಟ್ಟಿದ ಅಕ್ಕನನ್ನಂತೂ ಹೆಸರು ಹಿಡಿದು ಕೂಗುತ್ತವೆ, ತಾಯಂದಿರು ಅದನ್ನು ಮುದ್ದು ಎನ್ನುತ್ತಾರೆ.

ಕಾಗದ ಬರೆದವರಿಗೆ ನನ್ನ ಉತ್ತರ ಇಷ್ಟೆ: ಉಶಿಯೊಳನ್ನು ಅಕ್ಕ ಎನ್ನಿ, ಮಿಯೊಳನ್ನು ತಂಗಿ ಎನ್ನಿ, ‘ಸ್ಯಾಕ್ರಿಫೈಸ್’ ಇರುವಲ್ಲಿ ‘ಅಕ್ಕ ಜೀವ ಕೊಟ್ಟಳು’ ಎಂದು ಬರೆಯಿರಿ. ಇನ್ನೊಂದು ಕೋರಿಕೆ ಎಲ್ಲ ಓದುಗರಿಗೆ. ತಂಗಿ ಸತ್ತರೆ ಏನು ನಿಲ್ಲದು ಎಂದು ಹೇಳುವ ಗಾದೆ ನನ್ನ ಕಿವಿಗೆ ಬಿದ್ದಿಲ್ಲ. ನಿಮ್ಮ ಊರಿನಲ್ಲಿ ಯಾರಾದರೂ ಆಡುತ್ತಿದ್ದರೆ, ಊರಿನ ಹೆಸರು ಸಮೇತ ಬರೆದು ಕಳಿಸಿ.